ಇಂಧನದ ಅಳತೆ: ಮಾಪಕದ ಸೂಚನೆ ಮತ್ತು ಅದರ ಮರುಪರಿಶೀಲನೆ

ಪೀಠಿಕೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರ್, ಟಿಲ್ಲರ್, ಆಟೋರಿಕ್ಷಾ ಹಾಗೂ ಇತರೆ ವಾಹನಗಳಿಗೆ ಇಂಧನ ಖರೀದಿಸುವವರು ಸಾಮಾನ್ಯವಾಗಿ ಯಂತ್ರದ ಫಲಕ ತೋರಿಸುವ ಅಂಕಿಯನ್ನೇ ನಂಬಿ ಹಣ ಪಾವತಿಸುತ್ತಾರೆ. ಮಾಪಕದ ಸೂಚನೆಯು ಏಕೆ ತಪ್ಪಬಹುದು, ಅದನ್ನು ಮರುಪರಿಶೀಲಿಸುವುದು ಏಕೆ ಅಗತ್ಯ ಎಂಬುದನ್ನು ಪ್ರಯಾಣಿಕ ವಿಮಾನಗಳ ಅನುಭವವು ಸ್ಪಷ್ಟವಾಗಿ ತಿಳಿಸುತ್ತದೆ. ಆ ವಿವರಗಳನ್ನೂ, ಸಾರ್ವಜನಿಕರಿಗೆ ಲಭ್ಯವಿರುವ ಪರಿಶೀಲನಾ ಸೌಲಭ್ಯವನ್ನೂ ಈ ಲೇಖನದಲ್ಲಿ ನೀಡಲಾಗಿದೆ.

ವಿಮಾನದಲ್ಲಿ ಇಂಧನವನ್ನು ಅಳೆಯುವ ಕ್ರಮ

ವಿಮಾನದ ಇಂಧನವನ್ನು ಲೀಟರ್‌ಗಿಂತ ಹೆಚ್ಚಾಗಿ ತೂಕದಲ್ಲಿ ಲೆಕ್ಕ ಹಾಕಲಾಗುತ್ತದೆ. ಉಷ್ಣಾಂಶ ಹೆಚ್ಚಿದಂತೆ ಇಂಧನವು ಹಿಗ್ಗುವುದರಿಂದ ಗಾತ್ರ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ. ರೆಕ್ಕೆಯೊಳಗಿನ ಟ್ಯಾಂಕುಗಳಲ್ಲಿ ಅಳವಡಿಸಿರುವ ಕೊಳವೆಯಾಕಾರದ ವಿದ್ಯುತ್ ಸಾಧನಗಳು, ಇಂಧನ ಮತ್ತು ಗಾಳಿಯ ನಡುವಿನ ವಿದ್ಯುತ್ ಗುಣದ ವ್ಯತ್ಯಾಸವನ್ನು ಆಧರಿಸಿ ಪ್ರಮಾಣವನ್ನು ಸೂಚಿಸುತ್ತವೆ. ಟ್ಯಾಂಕಿನಲ್ಲಿ ನೀರು ಸೇರಿದರೆ, ತಂತಿಯ ಜೋಡಣೆ ಸಡಿಲಗೊಂಡರೆ ಅಥವಾ ಸಾಧನವು ಮಲಿನಗೊಂಡರೆ ಸೂಚನೆಯು ತಪ್ಪಾಗುತ್ತದೆ. ಆದ್ದರಿಂದ, ಟ್ಯಾಂಕಿನಲ್ಲಿ ಉಳಿದಿದ್ದ ಇಂಧನಕ್ಕೆ ಹೊಸದಾಗಿ ತುಂಬಿದ್ದನ್ನು ಕೂಡಿಸಿ, ಆ ಮೊತ್ತವನ್ನು ಮಾಪಕದ ಅಂಕಿಯೊಂದಿಗೆ ಹೋಲಿಸಲಾಗುತ್ತದೆ. ಮಾಪಕ ಕೆಟ್ಟಿದ್ದಲ್ಲಿ ಅಳತೆ ಕಡ್ಡಿಯಿಂದ ಟ್ಯಾಂಕನ್ನು ಅಳೆಯುವ ವ್ಯವಸ್ಥೆಯೂ ಇರುತ್ತದೆ.

ಎರಡು ಘಟನೆಗಳು

1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾ ಸಂಸ್ಥೆಯ ಬೋಯಿಂಗ್ 767 ವಿಮಾನದ ಇಂಧನ ಮಾಪಕವು ಕೆಲಸ ಮಾಡುತ್ತಿರಲಿಲ್ಲ. ಅಳತೆ ಕಡ್ಡಿಯಿಂದ ನೋಡಿದಾಗ ಟ್ಯಾಂಕಿನಲ್ಲಿ 7,682 ಲೀಟರ್ ಇಂಧನವಿತ್ತು. ಪ್ರಯಾಣಕ್ಕೆ 22,300 ಕಿಲೋಗ್ರಾಂ ಬೇಕಿತ್ತು. ಆ ದೇಶವು ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿದ್ದ ಕಾಲವದು. ಲೀಟರ್‌ಗೆ ಸುಮಾರು 0.8 ಕಿಲೋಗ್ರಾಂ ಎಂದು ಲೆಕ್ಕ ಹಾಕುವ ಬದಲು, ಪೌಂಡಿಗೆ ಸಂಬಂಧಿಸಿದ 1.77 ಎಂಬ ಅಂಕಿಯನ್ನು ಬಳಸಲಾಯಿತು. ಸುಮಾರು 20,000 ಲೀಟರ್ ತುಂಬಬೇಕಿದ್ದಲ್ಲಿ 4,917 ಲೀಟರ್ ಮಾತ್ರ ತುಂಬಲಾಯಿತು. ಮಾರ್ಗಮಧ್ಯದಲ್ಲಿ ಎರಡೂ ಎಂಜಿನ್‌ಗಳು ನಿಂತವು. ಪೈಲಟ್‌ಗಳು ವಿಮಾನವನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ವಿಮಾನದಲ್ಲಿದ್ದ 69 ಜನರೂ ಬದುಕುಳಿದರು.

2005ರ ಆಗಸ್ಟ್ 6ರಂದು ಇಟಲಿಯ ಪಲೆರ್ಮೋ ಸಮೀಪ ಟ್ಯುನಿಂಟರ್ ಸಂಸ್ಥೆಯ ಎಟಿಆರ್ 72 ವಿಮಾನವು ಸಮುದ್ರದಲ್ಲಿ ಇಳಿಯಬೇಕಾಯಿತು. ಅದಕ್ಕೆ ಚಿಕ್ಕ ವಿಮಾನವಾದ ಎಟಿಆರ್ 42ರ ಮಾಪಕವನ್ನು ಅಳವಡಿಸಲಾಗಿತ್ತು. ಎಂಜಿನ್‌ಗಳು ನಿಂತ ನಂತರವೂ ಮಾಪಕವು ಇಂಧನವಿದೆಯೆಂದೇ ತೋರಿಸುತ್ತಿತ್ತು. 39 ಜನರಲ್ಲಿ 16 ಮಂದಿ ಮೃತಪಟ್ಟರು. ಎಟಿಆರ್ ವರ್ಗದ ವಿಮಾನಗಳು ಕನ್ನಡಿಗರಿಗೆ ಅಪರಿಚಿತವಲ್ಲ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರಲ್ಲಿ ಸೇವೆ ಆರಂಭಿಸಿದ ಏರ್ ಡೆಕ್ಕನ್ ಸಂಸ್ಥೆಯೂ ಈ ವರ್ಗದ ವಿಮಾನಗಳನ್ನು ಬಳಸಿತ್ತು.

ಮೊದಲ ಪ್ರಕರಣದಲ್ಲಿ ಮಾಪಕ ಕೆಟ್ಟಿತ್ತು, ಜೊತೆಗೆ ಮಾನವು ತಪ್ಪಿತ್ತು. ಎರಡನೆಯದರಲ್ಲಿ ಮಾಪಕವು ಆ ಟ್ಯಾಂಕಿಗೆ ಸೇರಿದ್ದಾಗಿರಲಿಲ್ಲ. ಸರಿಯಾದ ಮತ್ತೊಂದು ಅಳತೆಯೊಡನೆ ಹೋಲಿಸಿದ್ದರೆ ಎರಡೂ ತಪ್ಪುಗಳು ನೆಲದ ಮೇಲೆಯೇ ಪತ್ತೆಯಾಗುತ್ತಿದ್ದವು.

ಪೆಟ್ರೋಲ್ ಬಂಕಿನಲ್ಲಿ ಮರುಪರಿಶೀಲನೆ

ಭಾರತದಲ್ಲಿ ವಿಮಾನಗಳ ಸುರಕ್ಷತೆಯು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತದೆ. ಬಂಕುಗಳ ವಿತರಣಾ ಯಂತ್ರಗಳ ಅಳತೆಯು ಕಾನೂನು ಮಾಪನಶಾಸ್ತ್ರ ಇಲಾಖೆಯ ವ್ಯಾಪ್ತಿಗೆ ಸೇರಿದೆ. 2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಮೇರೆಗೆ ಈ ಯಂತ್ರಗಳನ್ನು ವರ್ಷಕ್ಕೊಮ್ಮೆ ಸತ್ಯಾಪನೆ ಮಾಡಿಸಿ ಮುದ್ರೆ ಹಾಕಿಸುವುದು ಕಡ್ಡಾಯವಾಗಿರುತ್ತದೆ. ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಇಂಧನ ತುಂಬುವ ಮೊದಲು ಫಲಕವು ಸೊನ್ನೆಯನ್ನು ತೋರಿಸುತ್ತಿರಬೇಕು.

2. ಅಳತೆಯ ಬಗ್ಗೆ ಸಂದೇಹವಿದ್ದಲ್ಲಿ, ಬಂಕಿನಲ್ಲಿರುವ ಮುದ್ರೆಯುಳ್ಳ 5 ಲೀಟರ್ ಅಳತೆಪಾತ್ರೆಯಲ್ಲಿ ತುಂಬಿ ತೋರಿಸುವಂತೆ ಕೋರಬಹುದು. 5 ಲೀಟರ್‌ಗೆ 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ.

3. ಡೀಸೆಲ್ ಒಯ್ಯುವ ಕ್ಯಾನಿನ ಮೇಲಿನ ಗುರುತು ಸತ್ಯಾಪಿತ ಅಳತೆಯಲ್ಲ. ಕ್ಯಾನು ತುಂಬಲಿಲ್ಲವೆಂಬ ಕಾರಣ ಮಾತ್ರದಿಂದ ಅಳತೆ ಕಡಿಮೆಯೆಂದು ನಿರ್ಧರಿಸಲಾಗದು; ಅಳತೆಪಾತ್ರೆಯಲ್ಲಿಯೇ ಪರಿಶೀಲಿಸಬೇಕು.

4. ವಾಹನದ ಮುಳ್ಳು ಅಂದಾಜು ಪ್ರಮಾಣವನ್ನಷ್ಟೇ ತೋರಿಸುತ್ತದೆ. ಇಂಧನದ ಆವಿಗಾಗಿ ಟ್ಯಾಂಕಿನಲ್ಲಿ ಸ್ಥಳ ಬಿಟ್ಟಿರುವುದರಿಂದ, ಅಂಚಿನವರೆಗೆ ತುಂಬಿಸಿದಾಗ ಕೈಪಿಡಿಯಲ್ಲಿ ನಮೂದಿಸಿದ ಸಾಮರ್ಥ್ಯಕ್ಕಿಂತ ಹೆಚ್ಚು ಇಂಧನ ಹಿಡಿಯಬಹುದು. ಹಾಗೆ ತುಂಬಿಸುವುದು ಸುರಕ್ಷಿತವಲ್ಲ.

5. ರಸೀದಿಯನ್ನು ತಪ್ಪದೆ ಪಡೆದು, ದೂರು ಇತ್ಯರ್ಥವಾಗುವವರೆಗೆ ಕಾಯ್ದಿರಿಸಿಕೊಳ್ಳಬೇಕು.

ದೂರು ಸಲ್ಲಿಸುವ ವಿಧಾನ

ವ್ಯತ್ಯಾಸ ಕಂಡುಬಂದಲ್ಲಿ ಬಂಕಿನ ಹೆಸರು, ಸ್ಥಳ, ದಿನಾಂಕ, ವೇಳೆ ಮತ್ತು ಯಂತ್ರದ ಸಂಖ್ಯೆಯನ್ನು ನಮೂದಿಸಿ, ರಸೀದಿಯ ಪ್ರತಿಯೊಂದಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಲಿಖಿತ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಅಳತೆಪಾತ್ರೆಯಲ್ಲಿ ಪರಿಶೀಲಿಸಿ ತೋರಿಸುವಂತೆ ಕೇಳುವುದು ಗ್ರಾಹಕರ ಹಕ್ಕು. ಅದಕ್ಕೆ ಸಂಕೋಚಪಡಬೇಕಾದ ಅಗತ್ಯವಿರುವುದಿಲ್ಲ.