ನಾಲ್ಕು ನಿಮಿಷಕ್ಕೆ ಖಯಾಲ್ ಮುಗಿಯುವುದಿಲ್ಲ

‘ಹೊಸ ಮೊಬೈಲಿಗೆ ಹಾಡು ಎಲ್ಲಾ ಬಂದಾವ್ರಿ, ಕೊಟ್ಟಿದ್ದ ಸ್ಟಾರ್ ಎಲ್ಲಿ ಹೋದುವ್ರಿ?’ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನವನ್ನು ಎಂಪಿ3 ರೂಪದಲ್ಲಿ ಕೂಡಿಟ್ಟಿರುವ ಧಾರವಾಡದ ಓದುಗರೊಬ್ಬರ ಪ್ರಶ್ನೆ ಇದು.

ಬಹಳಷ್ಟು ಆ್ಯಪ್‌ಗಳು ಸ್ಟಾರನ್ನೂ ಎಷ್ಟು ಸಲ ಕೇಳಿದಿರೆಂಬ ಎಣಿಕೆಯನ್ನೂ ತಮ್ಮ ಡೇಟಾಬೇಸ್‌ನಲ್ಲೇ ಬರೆದುಕೊಳ್ಳುತ್ತವೆ. ಫೈಲ್ ಊರು ಬಿಟ್ಟರೂ ಲೆಕ್ಕ ಅಲ್ಲೇ ಉಳಿಯುತ್ತದೆ.

ಫೈಲಿನೊಳಗೇ ಬರೆಯಲು ಜಾಗವಿದೆ. 1996ರಲ್ಲಿ ಎರಿಕ್ ಕೆಂಪ್ ಎಂಪಿ3 ಫೈಲಿನ ಕೊನೆಗೆ 128 ಬೈಟ್‌ಗಳ ಐಡಿ3 ಟ್ಯಾಗ್ ಅಂಟಿಸಿದರು. ಅದರಲ್ಲಿ ಶೀರ್ಷಿಕೆಗೆ ಸಿಕ್ಕಿದ್ದು 30 ಅಕ್ಷರ. ರಾಗ, ತಾಳ, ಬಂದಿಶ್ ಮೂರನ್ನೂ ಹಿಡಿಸುವುದು ಕಷ್ಟ. 1998ರಲ್ಲಿ ಬಂದ ಎರಡನೇ ಆವೃತ್ತಿ ಉದಾರವಾಗಿತ್ತು. ಅದರ ‘ಪಾಪ್‌ಎಂ’ ವಿಭಾಗದಲ್ಲಿ ಸ್ಟಾರಿನ ಬದಲಿಗೆ 1ರಿಂದ 255ರವರೆಗಿನ ಅಂಕ, ಕೇಳಿದ ಎಣಿಕೆ, ಅಂಕ ಕೊಟ್ಟವರ ಇ-ಮೇಲ್ ಮೂರೂ ಇರುತ್ತವೆ. ಮಾರವಾ ರಾಗದ ಒಂದೇ ಫೈಲಿನಲ್ಲಿ ಅಪ್ಪನ ಅಂಕ ಬೇರೆ, ಮಗಳ ಅಂಕ ಬೇರೆ ಇರಬಹುದು.

ಇದನ್ನು ತುಂಬಲು ಕಂಪ್ಯೂಟರಿಗೆ ಸೂಚನೆ ಟೈಪ್ ಮಾಡುವ ಕಮಾಂಡ್ ಲೈನೇ ಸಲೀಸು. ಟ್ಯಾಗಿನದೇ ಉಚ್ಚಾರದ ‘ಐಡೀತ್ರೀ’ ಎಂಬ ಉಚಿತ ತಂತ್ರಾಂಶಕ್ಕೆ ಇ-ಮೇಲ್, ಅಂಕ, ಎಣಿಕೆ ಕೊಟ್ಟು ಒಂದು ಸಾಲು ಬರೆದರೆ ಇಡೀ ಫೋಲ್ಡರಿಗೆ ಅನ್ವಯಿಸುತ್ತದೆ. ಎಣಿಕೆಗೆಂದೇ ಇರುವ ಬೇರೆ ಸೂಚನೆಗೆ ‘+1’ ಕೊಟ್ಟರೆ, ಪಾಪ್‌ಎಂನ ಹೊರಗೆ ಟ್ಯಾಗಿನಲ್ಲೇ ಇರುವ ಪ್ರತ್ಯೇಕ ಎಣಿಕೆ ಒಂದು ಹೆಚ್ಚುತ್ತದೆ. ಮೊದಲು ಫೈಲ್‌ಗಳ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ಎಲ್ಲ ಪ್ಲೇಯರ್‌ಗಳೂ ಪಾಪ್‌ಎಂ ಓದುವುದಿಲ್ಲ. ಎಂಪಿ3 ಅಲ್ಲದ ಫ್ಲ್ಯಾಕ್ ಫೈಲಿಗೆ ಇದು ಹೊಂದದು, ಅದರ ಟ್ಯಾಗ್ ಪದ್ಧತಿಯೇ ಬೇರೆ.

ಆದರೆ ‘ಒಂದು ಸಲ ಕೇಳಿದ್ದು’ ಎಂದರೇನು? ಕೇಳಿದ ಹಾಡುಗಳ ಲೆಕ್ಕ ಇಡುವ ಲಾಸ್ಟ್.ಎಫ್‌ಎಂ ನಿಯಮದಂತೆ ಅರ್ಧ ಹಾಡು ಅಥವಾ ನಾಲ್ಕು ನಿಮಿಷ, ಯಾವುದು ಮೊದಲೋ ಅದು. ಮನಸೂರರೂ ಗಂಗೂಬಾಯಿಯವರೂ 1930ರ ದಶಕದಲ್ಲಿ ಹಾಡಿದ ಗ್ರಾಮಫೋನ್ ತಟ್ಟೆಯ ಒಂದು ಬದಿ ಸುಮಾರು ಮೂರು ನಿಮಿಷ. ಒಂದೂವರೆ ನಿಮಿಷಕ್ಕೇ ಅದು ‘ಕೇಳಿದ್ದು’. ಬೈಠಕ್ಕಿನಲ್ಲಿ ಹಾಡಿದ ಒಂದು ಗಂಟೆಯ ಖಯಾಲಿನ ಧ್ವನಿಮುದ್ರಣವೂ ನಾಲ್ಕು ನಿಮಿಷಕ್ಕೇ ‘ಕೇಳಿದ್ದು’ ಆಗಿಬಿಡುತ್ತದೆ. ವಿಲಂಬಿತದ ಬಢತ್, ಅಂದರೆ ನಿಧಾನಗತಿಯ ರಾಗವಿಸ್ತಾರ, ಆಗಷ್ಟೇ ಕಣ್ಣು ಬಿಡುತ್ತಿರುತ್ತದೆ! ಪೂರ್ತಿ ಕೇಳಿದರೂ ಅನ್ಯಾಯ ತಪ್ಪದು: ಆ ಗಂಟೆಯಲ್ಲಿ ತಟ್ಟೆಗೆ 20 ಎಣಿಕೆ, ಖಯಾಲಿಗೆ ಒಂದೇ. ‘ಹೆಚ್ಚು ಕೇಳಿದ್ದು’ ಪಟ್ಟಿಯಲ್ಲಿ ಖಯಾಲ್ ಕೆಳಗೆ ಬೀಳುವುದು ಹೀಗೆ.

ಆ್ಯಪ್ ತಯಾರಕರ ಅಳತೆ ಚಿತ್ರಗೀತೆಗೆ ಸರಿ, ನಮ್ಮ ಸಂಗೀತಕ್ಕಲ್ಲ. ಕಮಾಂಡ್ ಲೈನಿನಲ್ಲಿ ಅಳತೆ ನಿಮ್ಮದೇ. ಕೊನೆಯವರೆಗೂ ಕೇಳಿದಾಗ ಮಾತ್ರ ‘+1’ ಮಾಡುವ ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ಎಣಿಕೆಯನ್ನು ಅವಧಿಯಿಂದ ಗುಣಿಸಿ ಪಟ್ಟಿ ಮಾಡಿ. ಯಾವ ರಾಗಕ್ಕೆ ನಿಜವಾಗಿ ಎಷ್ಟು ತಾಸು ಕೊಟ್ಟಿದ್ದೀರಿ ಎಂಬುದು ಆಗ ತಿಳಿಯುತ್ತದೆ.