ಬಡ್ಡಿ ಇಳಿಯಿತು, ಗಣಿ ತೆರೆಯಲಿಲ್ಲ

ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದರೆ ಸಾಲ ದುಬಾರಿಯಾಗಿ, ಹೂಡಿಕೆ ಕುಗ್ಗಿ, ಕೆಲಸ ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ದಾರಿ. ಕೋಲಾರದ ಚಿನ್ನದ ಗಣಿಗೆ (ಕೆಜಿಎಫ್) ಅದರ ಬಿಸಿ ತಟ್ಟಿದ್ದು ಇನ್ನೊಂದು ದಾರಿಯಲ್ಲಿ. ಚಿನ್ನ ಬಡ್ಡಿ ತರುವುದಿಲ್ಲ. ಹಣದುಬ್ಬರ ಕಳೆದ ಮೇಲೂ ಬಾಂಡು, ಠೇವಣಿಗಳಲ್ಲಿ ಒಳ್ಳೆಯ ಬಡ್ಡಿ ಉಳಿಯುವಾಗ ಜನ ಚಿನ್ನ ಬಿಟ್ಟು ಅತ್ತ ಸರಿಯುತ್ತಾರೆ, ಬೆಲೆ ಬೀಳುತ್ತದೆ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದ ಚಿನ್ನ, ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿಯನ್ನು ಶೇ 20ರ ಹತ್ತಿರಕ್ಕೆ ಒಯ್ದ ಮೇಲೆ ಇಳಿಜಾರು ಹಿಡಿಯಿತು. 1999ರ ಮೇನಲ್ಲಿ ಬ್ರಿಟನ್ ತನ್ನ ಮೀಸಲು ಚಿನ್ನದಲ್ಲಿ ಸುಮಾರು 400 ಟನ್ ಮಾರುವುದಾಗಿ ಸಾರಿದಾಗ ಅದು 250 ಡಾಲರ್ ಆಸುಪಾಸಿಗೆ ಕುಸಿಯಿತು. ರೂಪಾಯಿಯ ಅಪಮೌಲ್ಯ ಒಂದಿಷ್ಟು ಆಸರೆಯಾದರೂ ಖರ್ಚು ಅದನ್ನು ಮೀರಿ ಬೆಳೆದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಕೆಲಸ ಹೋಯಿತು.

ಗಣಿ ಸತ್ತದ್ದು ಬಡ್ಡಿಯಿಂದಲ್ಲ, ಅದಿರು ಬಡವಾದದ್ದರಿಂದ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಮೊದಲ ದಶಕಗಳಲ್ಲಿ ಟನ್ ಕಲ್ಲಿಗೆ ಹತ್ತಾರು ಗ್ರಾಂ ಕೊಟ್ಟ ಗಣಿ ಕೊನೆಗೆ ಮೂರು-ನಾಲ್ಕು ಗ್ರಾಂಗೆ ಇಳಿದಿತ್ತು. ಅಲ್ಲಿನ ಚಾಂಪಿಯನ್ ರೀಫ್ ಎಂಬ ಗಣಿಯಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಗಾಳಿ ಊದಬೇಕಿತ್ತು, ಅಲ್ಲಿಂದ ನೀರೆತ್ತಬೇಕಿತ್ತು, ಒತ್ತಡಕ್ಕೆ ಸಿಡಿಯುವ ಬಂಡೆಗಳ ನಡುವೆ ಜನ ದುಡಿಯಬೇಕಿತ್ತು. ಆದರೆ ಯಾವ ಕಲ್ಲು ಅದಿರು, ಯಾವುದು ಬರೀ ಕಲ್ಲು ಎಂದು ತೀರ್ಮಾನಿಸುವುದು ಭೂಗರ್ಭವೊಂದೇ ಅಲ್ಲ, ಬೆಲೆಯೂ ಹೌದು. ಕೆಜಿಎಫ್‌ನ ಸೈನೈಡ್ ದಿಬ್ಬಗಳೇ ಇದಕ್ಕೆ ಸಾಕ್ಷಿ. ಚಿನ್ನ ತೆಗೆದು ಬಿಸಾಡಿದ ಆ ಮಣ್ಣಿನಲ್ಲಿ ಟನ್ನಿಗೆ ಒಂದು ಗ್ರಾಂ ಕೂಡ ಇಲ್ಲ. ಆದರೂ ಬೆಲೆ ಏರಿದ ಮೇಲೆ, 2024ರ ಜೂನ್‌ನಲ್ಲಿ, ಅದನ್ನು ಮತ್ತೆ ಸೋಸುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು.

ಹಾಗಾದರೆ ಬಡ್ಡಿ ಇಳಿದಾಗ ಕೆಲಸ ಮರಳಬೇಕಿತ್ತಲ್ಲ? 2008ರ ಬಿಕ್ಕಟ್ಟಿನ ನಂತರ ಅಮೆರಿಕದ ಬಡ್ಡಿ ಸೊನ್ನೆಯ ಹತ್ತಿರ ಬಂತು, 2011ರಲ್ಲಿ ಚಿನ್ನ 1,900 ಡಾಲರ್ ಮುಟ್ಟಿತು. ಅಷ್ಟರಲ್ಲಿ ಪಂಪು ನಿಂತ ಸುರಂಗಗಳಲ್ಲಿ ನೀರು ತುಂಬಿತ್ತು. ಬಂಡೆಯ ಸದ್ದು ಕೇಳಿಯೇ ಅಪಾಯ ಗ್ರಹಿಸುತ್ತಿದ್ದ ಕಾರ್ಮಿಕರು ಚದುರಿಹೋಗಿದ್ದರು. ಬಡ್ಡಿಯನ್ನು ಒಂದು ಸಭೆಯಲ್ಲಿ ಇಳಿಸಬಹುದು, ಕಳೆದುಹೋದ ಕಸುಬನ್ನು ಹಾಗೆ ಮರಳಿಸಲಾಗದು. ನೀತಿ ರೂಪಿಸುವವರು ಈ ಅಸಮತೆಗೆ ಕೊಡುವ ತೂಕ ಸಾಲದು ಎಂದೇ ನನ್ನ ವಾದ. ಈಗ ಒಪ್ಪಿಗೆ ಸಿಕ್ಕಿರುವ ದಿಬ್ಬ ಸೋಸುವ ಕೆಲಸವೂ ಬಹುಪಾಲು ಯಂತ್ರಗಳದ್ದು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ಕೆಲವರಿಗಷ್ಟೇ ಆ ಕೆಲಸದಲ್ಲಿ ಜಾಗ ಸಿಕ್ಕೀತು.