ಲಾರಿಯ ಹಿಂದಿನ ಪಾಟಾ ಬದಲಿಸುವುದು

ಸಂಪಾದಕರು ಈ ಸಲ ಕವಿತೆ ಬಹಳ ಬಂದಿವೆ, ಏನಾದರೂ ವಿಷಯ ತಿಳಿಸುವಂಥದ್ದು ಬರೆದುಕೊಡು ಎಂದರು. ನಾನು ಕಾಮರ್ಸಿನವನು. ಬ್ಯಾಲೆನ್ಸ್ ಶೀಟಿನ ಮೇಲೆ ಬರೆದರೆ ನೀವು ಹಾಳೆ ತಿರುವಿಬಿಡುತ್ತೀರಿ ಎಂದು ಗೊತ್ತಿದೆ. ಆದ್ದರಿಂದ ಕಳಂಬೋಲಿಯ ಗ್ಯಾರೇಜೊಂದರಲ್ಲಿ ಎರಡು ದಿನ ಪಾನಾ ಎತ್ತಿಕೊಡುತ್ತ, ಮೈತುಂಬ ಗ್ರೀಸ್ ಮಾಡಿಕೊಂಡು ಕಲಿತದ್ದನ್ನು ಬರೆಯುತ್ತೇನೆ. ಗಾಡಿ ನಮ್ಮ ಕಾಕಾನದು. ಆರು ಚಕ್ರದ ಲಾರಿ, ಅದೊಂದೇ ಗಾಡಿ, ಬ್ಯಾಂಕಿನ ಕಂತು ಇನ್ನೂ ಮುಗಿದಿಲ್ಲ. ಕಳಂಬೋಲಿಯ ಕಬ್ಬಿಣದ ಪೇಟೆಯಿಂದ ಸೋಲಾಪುರ, ವಿಜಯಪುರದ ಕಡೆ ಸರಕು ಹೊರುತ್ತದೆ.

ನಮ್ಮ ಊರ ಕಡೆ ಟಾಂಗಾ ನೋಡಿದವರಿಗೆ ಕಮಾನು ಗೊತ್ತು. ಲಾರಿಯದೂ ಅದೇ ಜಾತಿ. ಮುಂಬಯಿ ಕಡೆ ಅದಕ್ಕೆ ಪಾಟಾ ಅನ್ನುತ್ತಾರೆ. ಉಕ್ಕಿನ ಉದ್ದುದ್ದ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದ ಕಟ್ಟು ಅದು. ಎಲ್ಲಕ್ಕಿಂತ ಉದ್ದನೆಯದು ಮೇಲೆ, ಕೆಳಗೆ ಹೋದಂತೆ ಗಿಡ್ಡ. ಆಕಾರ ನಗುವ ಬಾಯಿಯ ಹಾಗೆ. ಭಾರ ಬಿದ್ದಂತೆ ನಗು ಸಪಾಟಾಗುತ್ತದೆ! ಮೇಲಿನ ಪಟ್ಟಿಯ ತುದಿಯನ್ನು ಉಂಗುರದಂತೆ ಸುತ್ತಿರುತ್ತಾರೆ, ಅದೇ 'ಕಣ್ಣು'. ಮುಂದಿನ ಕಣ್ಣು ಪಿನ್ನಿನಿಂದ ಚಾಸಿಯ ಬ್ರಾಕೆಟ್ಟಿಗೆ ಗಟ್ಟಿಯಾಗಿ ಕೂತಿರುತ್ತದೆ. ಹಿಂದಿನದು ಮಾತ್ರ ಶ್ಯಾಕಲ್ ಎಂಬ ಜೋಲುವ ಕೊಂಡಿಗೆ ಸಿಕ್ಕಿಸಿದ್ದು. ಯಾಕೆಂದರೆ ಬಾಗಿದ್ದು ನೆಟ್ಟಗಾದರೆ ಉದ್ದವಾಗಲೇಬೇಕು, ಆ ಉದ್ದಕ್ಕೆ ಜಾಗ ಬೇಕು. ಇದರ ಮೇಲೆ ಇನ್ನೊಂದು ಸಣ್ಣ ಕಟ್ಟು, ಹೆಲ್ಪರ್. ಖಾಲಿ ಗಾಡಿಯಲ್ಲಿ ಅದು ಸುಮ್ಮನೆ ಕೂತಿರುತ್ತದೆ, ಲೋಡ್ ಬಿದ್ದು ಚಾಸಿ ಕೆಳಗಿಳಿದಾಗ ಕೆಲಸಕ್ಕೆ ಹತ್ತುತ್ತದೆ.

ಪಾಟಾ ಎಂದರೆ ಕುಲುಕಾಟ ತಡೆಯುವ ವಸ್ತು ಎಂದಷ್ಟೇ ನಾನು ತಿಳಿದಿದ್ದೆ. ಅದಲ್ಲ. ಎಂಜಿನ್ನು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಆಕ್ಸಲನ್ನು ಮುಂದೆ ತಳ್ಳುತ್ತದೆ. ಆಕ್ಸಲ್ಲು ಲಾರಿಯನ್ನು ತಳ್ಳುವುದು ಯಾವುದರ ಮೂಲಕ? ಈ ಪಾಟಾದ ಮುಂದಿನ ಅರ್ಧದ ಮೂಲಕ! ಬ್ರೇಕ್ ಹಾಕಿದಾಗ ಎಳೆತ ಬೀಳುವುದೂ ಅಲ್ಲೇ. ಅಂದರೆ ಮುಂದಿನ ಕಡೆ ಮೇಲಿನ ಪಟ್ಟಿ ತುಂಡಾದರೆ ಆ ಬದಿಯ ಆಕ್ಸಲ್ ಹಿಂದೆ ಸರಿಯಬಹುದು. ಆಗ ಸ್ಟಿಯರಿಂಗ್ ನೆಟ್ಟಗೆ ಹಿಡಿದರೂ ಗಾಡಿ ತನ್ನಿಚ್ಛೆಯಂತೆ ಹೋಗುತ್ತದೆ. ಖಂಡಾಳ ಘಾಟಿನ ಇಳಿಜಾರಿನಲ್ಲಿ ಹೀಗಾದರೆ ಏನು ಗತಿ ಎಂದು ನೀವೇ ಯೋಚಿಸಿ.

ಕಾಕಾನ ಗಾಡಿಯಲ್ಲಿ ಎಡಗಡೆಯ ಎರಡು ಪಟ್ಟಿ ಮುರಿದಿದ್ದವು, ನಟ್ಟನಡುವೆ, ಸೆಂಟರ್ ಬೋಲ್ಟಿನ ತೂತಿನ ಹತ್ತಿರ. ಉಸ್ತಾದರು ನೋಡಿದ ಕೂಡಲೇ ಯು-ಬೋಲ್ಟ್ ಸಡಿಲಾಗಿತ್ತು ಅಂದರು. ಯು-ಬೋಲ್ಟು ಇಡೀ ಕಟ್ಟನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುತ್ತದೆ. ಬಿಗಿ ಇದ್ದಾಗ ನಡುವಿನ ಭಾಗ ಬಾಗುವುದೇ ಇಲ್ಲ. ಸಡಿಲಾದರೆ ಅಲ್ಲೂ ಬಾಗತೊಡಗುತ್ತದೆ, ಅಲ್ಲಿ ತೂತು ಬೇರೆ ಇದೆ, ಬಿರುಕು ಅಲ್ಲಿಂದಲೇ ಶುರು.

ಆಗ ಕಾಕಾ ಕೇಳಿದ್ದು ಒಂದೇ ಮಾತು. "ವೆಲ್ಡಿಂಗ್ ಮಾಡಿಸಿದ್ರ ಒಂದು ತಿಂಗಳು ಓಡಂಗಿಲ್ಲೇನು?"

ಉಸ್ತಾದರು ಅಕ್ಕಲಕೋಟೆ ಕಡೆಯವರು. "ಓಡತೈತ್ರಿ ಸಾವಕಾರ್ರ, ಆದ್ರ ಎಲ್ಲೀತನಕ ಅಂತ ನಾ ಹೇಳಂಗಿಲ್ಲ" ಅಂದರು.

ಇದರ ಹಿಂದಿನ ಕಾರಣ ಕೇಳಿ. ಪಾಟಾದ ಉಕ್ಕು ಬಾಗಿಲು ಕಿಟಕಿಯ ಕಬ್ಬಿಣದಂಥದ್ದಲ್ಲ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಇಎನ್-45 ಎಂಬ ಉಕ್ಕಿನಲ್ಲಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್. ಅದನ್ನು ಕೆಂಪಗೆ ಕಾಯಿಸಿ, ಬಾಗು ಕೊಟ್ಟು, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸುತ್ತಾರೆ. ಹೊಟ್ಟೆ ಎಳೆದು ಮತ್ತೆ ಹಿಂದಕ್ಕೆ ಬರುವ ಗುಣವೆಲ್ಲ ಆ ಹದದಲ್ಲಿದೆ. ವೆಲ್ಡಿಂಗ್ ಕಾವು ಆ ಹದವನ್ನು ಕೆಡಿಸಿ ಬೆಸುಗೆಯ ಪಕ್ಕದ ಜಾಗವನ್ನು ಗಾಜಿನಂತೆ ಪೆಡಸು ಮಾಡುತ್ತದೆ. ಬೆಸುಗೆ ಎಷ್ಟೇ ಚಂದ ಕಂಡರೂ ಅದರ ಪಕ್ಕದಲ್ಲೇ ಮುರಿಯುವುದು.

ಪಕ್ಕದ ಇನ್ನೊಬ್ಬ ಮಾಲೀಕರ ಸಲಹೆ ಬೇರೆ. ಹೊಸ ಸೆಟ್ಟಿಗೆ ಎರಡು ಪಟ್ಟಿ ಜಾಸ್ತಿ ಹಾಕಿಸಿ, ಹೆಚ್ಚು ಲೋಡ್ ಎಳೆಯಬಹುದು ಎಂದು. ಇದು ಎಲ್ಲೆಲ್ಲೂ ನಡೆಯುವ ಸಂಗತಿ. ನನಗಂತೂ ಇದು ಮೋಸದ ಲೆಕ್ಕ ಅನಿಸಿತು. 2018ರ ಜುಲೈಯಲ್ಲಿ ಸರಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಆಕ್ಸಲ್ ಚಕ್ರಗಳ ತೂಕ ಕಳೆದರೂ ಒಂದೊಂದು ಬದಿಯ ಪಾಟಾ ಐದು ಟನ್ನಿನಷ್ಟು ಹೊರಬೇಕು. ಪಟ್ಟಿ ಹೆಚ್ಚಿಸಿದರೆ ಪಾಟಾ ಮಾತ್ರ ಗಟ್ಟಿಯಾಯಿತು. ಆಕ್ಸಲ್ಲು, ಬ್ರೇಕು, ಟೈರು, ಚಾಸಿ ಎಲ್ಲ ಹಳೆಯವೇ. ಕಾನೂನಿನ ಮಿತಿಯೂ ಅದೇ. ದಪ್ಪ ಪಟ್ಟಿ ಹಾಕಿಸುವುದು ಇನ್ನೂ ವಿಚಿತ್ರ. ಪಟ್ಟಿಯ ಬಿರುಸು ದಪ್ಪದ ಘನದಂತೆ ಏರುತ್ತದೆ, ಹತ್ತು ಪರ್ಸೆಂಟ್ ದಪ್ಪಕ್ಕೆ ಮೂವತ್ತಮೂರು ಪರ್ಸೆಂಟ್ ಬಿರುಸು. ಖಾಲಿ ಗಾಡಿ ಹಳ್ಳದಲ್ಲಿ ಕುಪ್ಪಳಿಸಿದರೆ ಆ ಪೆಟ್ಟು ಚಾಸಿಗೆ. ಕಾಕಾ ಕಡೆಗೆ ಕಂಪನಿ ಅಳತೆಯ ಸೆಟ್ಟನ್ನೇ ತಂದ, ಎರಡೂ ಬದಿಗೆ. ಒಂದೇ ಬದಿ ಹೊಸದು ಹಾಕಿದರೆ ಕುಗ್ಗಿದ ಹಳೆಯದರ ಕಡೆಗೆ ಗಾಡಿ ವಾಲುತ್ತದೆ.

ಇನ್ನು ಕೆಲಸ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲಲ್ಲ, ಮರದ ದಿಮ್ಮಿ ಕೊಟ್ಟರು. ಹಿಂದಿನ ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿದರು. ಆಮೇಲೆ ಚಾಸಿಯನ್ನು ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬಾರದು. ಎಣ್ಣೆಯ ಸೀಲೊಂದು ಹರಿದರೆ ಸಾಕು. ಆಕ್ಸಲ್ಲಿಗೆ ಬೇರೆಯೇ ಜಾಕು, ಏಕೆಂದರೆ ಪಾಟಾ ಬಿಚ್ಚಿದೊಡನೆ ಅದನ್ನು ಹಿಡಿಯುವವರಿಲ್ಲ. ಯು-ಬೋಲ್ಟಿನ ನಟ್ಟು ತುಕ್ಕು ಹಿಡಿದಿದ್ದವು, ಗ್ಯಾಸಿನಿಂದ ಕತ್ತರಿಸಬೇಕಾಯಿತು. ಬ್ರೇಕಿನ ಗಾಳಿ ಪೈಪಿಗೆ ಒದ್ದೆ ಗೋಣಿ ಸುತ್ತಿ ಆಮೇಲೆಯೇ ಬೆಂಕಿ. ಹೇಗೂ ಹಳೆ ಯು-ಬೋಲ್ಟ್ ಮತ್ತೆ ಹಾಕುವಂತಿಲ್ಲ, ಒಮ್ಮೆ ಬಿಗಿದು ಹಿಗ್ಗಿದ್ದು ಮತ್ತೆ ಮೊದಲಿನಂತೆ ಹಿಡಿಯುವುದಿಲ್ಲ.

ಹಳೆಯದು ಇಳಿದ ಮೇಲೆ ಉಸ್ತಾದರು ಬಹಳ ಹೊತ್ತು ಚಾಸಿಯನ್ನೇ ನೋಡಿದರು. ಮಣ್ಣು ಕೆರೆದು, ಬ್ರಾಕೆಟ್ಟಿನ ರಿವೆಟ್ಟಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿದರು. ಬಿರುಕಿರಲಿಲ್ಲ. ಇದ್ದಿದ್ದರೆ ಖರ್ಚು ಬೇರೆಯದೇ ಆಗುತ್ತಿತ್ತು.

ಹೊಸದನ್ನು ಏರಿಸುವಾಗ ಒಂದು ಜಾಗ ಮುಖ್ಯ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಕುಳಿಯಲ್ಲಿ ಸರಿಯಾಗಿ ಇಳಿಯಬೇಕು. ಅದೇ ಆಕ್ಸಲ್ಲಿನ ಜಾಗ ನಿಶ್ಚಯಿಸುವುದು. ಅಲ್ಲಿ ಓರೆಯ ತಗಡಿದ್ದರೆ ಇದ್ದ ದಿಕ್ಕಿನಲ್ಲೇ ಹಾಕಬೇಕು, ತಿರುವಿದರೆ ಪ್ರೊಪೆಲ್ಲರ್ ಶಾಫ್ಟಿನ ಓರೆ ಕೆಟ್ಟು ಗಾಡಿ ನಡುಗುತ್ತದೆ. ಪಿನ್ನು, ಬುಶ್ಶು ಹೊಸದು, ಗ್ರೀಸು ಧಾರಾಳ. ಯು-ಬೋಲ್ಟಿನ ನಾಲ್ಕು ನಟ್ಟುಗಳನ್ನು ಅಡ್ಡಡ್ಡವಾಗಿ, ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬಂದರು. ಕೊನೆಯ ಬಿಗಿತ ಚಕ್ರ ಹಾಕಿ, ಗಾಡಿ ನೆಲಕ್ಕಿಳಿದು ಪಾಟಾದ ಮೇಲೆ ತೂಕ ಬಿದ್ದ ಮೇಲೆ.

ಆಮೇಲೆ ಟೇಪು. ಮುಂದಿನ ಪಿನ್ನಿನಿಂದ ಆಕ್ಸಲ್ ನಡುವಿನವರೆಗೆ ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಅಳೆಯುವ ಕೆಲಸ ನನ್ನದು. ಎರಡೂ ಸಮ ಬಂದವು. ಬರದಿದ್ದರೆ ಗಾಡಿ ನಾಯಿಯ ಹಾಗೆ ಓರೆಯಾಗಿ ಓಡುತ್ತದೆ, ಟೈರು ತಿನ್ನುತ್ತದೆ. ಲೋಡಿಗೆ ತಕ್ಕಂತೆ ಬ್ರೇಕ್ ಹೊಂದಿಸುವ ವಾಲ್ವಿನ ಕಡ್ಡಿಯನ್ನೂ ಹೊಸ ಎತ್ತರಕ್ಕೆ ಸರಿಮಾಡಿದರು.

ಕಾಮರ್ಸಿನ ಮಾತು ಒಂದಾದರೂ ಇರಲಿ. ಇದ್ದದ್ದನ್ನೇ ಇದ್ದಂತೆ ಮಾಡಿದ್ದರಿಂದ ಇದು ರಿಪೇರಿ ಖರ್ಚು, ಬಂಡವಾಳವಲ್ಲ. ಆದರೆ ಕಾಕಾನಿಗೆ ತೆರಿಗೆಯಲ್ಲಿ ಇದರಿಂದ ನಯಾಪೈಸೆಯ ಉಪಯೋಗವಿಲ್ಲ. ಸಣ್ಣ ಮಾಲೀಕರಿಗೆ 12 ಟನ್ ಮೀರಿದ ಗಾಡಿಯ ಆದಾಯವನ್ನು ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಎಂದು ಹಿಡಿಯುವ ಪದ್ಧತಿ 2018-19ರಿಂದ ಬಂದಿದೆ, ಕಾಕಾ ಅದರಲ್ಲೇ ಲೆಕ್ಕ ಕೊಡುತ್ತಾನೆ. 18.5 ಟನ್ನಿನ ಗಾಡಿಗೆ 18,500. ಪಾಟಾ ಮುರಿದರೂ ಅಷ್ಟೇ, ಮುರಿಯದಿದ್ದರೂ ಅಷ್ಟೇ.

ಮೂರನೆಯ ದಿನ ಲೋಡ್ ಆಯಿತು. ಸೋಲಾಪುರ ಮುಟ್ಟಿ ಯು-ಬೋಲ್ಟ್ ಮತ್ತೆ ಬಿಗಿಸದೆ ಮುಂದೆ ಹೋಗಬಾರದು ಎಂದು ಉಸ್ತಾದರು ಡ್ರೈವರಿಗೆ ಎರಡು ಸಲ ಹೇಳಿದ್ದರು. ಹೊಸ ಪಟ್ಟಿಗಳು ಭಾರಕ್ಕೆ ಒಂದರ ಮೇಲೊಂದು ಕೂತಾಗ ಬಿಗಿ ತಾನಾಗಿ ಇಳಿಯುತ್ತದೆ. ಡ್ರೈವರ್ ರಾತ್ರಿ ಫೋನ್ ಮಾಡಿ, ಒಂದೊಂದು ನಟ್ಟೂ ಕಾಲು ಸುತ್ತು ಹಿಡಿಯಿತು ಅಂದ.